ತುದಿ ಬಲಕ್ಕಿದ್ದ ಎಲೆ

ಆ ಎಲೆಯ ಊಟವನ್ನು ತಿಂದದ್ದು ನಾನು. ಹಪ್ಪಳ ಒಂದು ಬಿಟ್ಟು. ಹಪ್ಪಳವನ್ನು ಮೊಮ್ಮಗಳು ತಿಂದಳು. ಬೇರೆ ಯಾರೂ ಬರಲಿಲ್ಲ, ಯಾರೂ ತಿನ್ನಲಿಲ್ಲ.

ಇಷ್ಟು ಹೇಳಿದರೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ಬೆಳ್ತಂಗಡಿಯಲ್ಲಿರುವ ನನ್ನ ನಾದಿನಿ ಅದನ್ನು ತಿಂದದ್ದು ತನ್ನ ಅಣ್ಣ ಎಂದು ಹೇಳಿದಳು. ಅವಳ ಅಣ್ಣ ಎಂದರೆ ನನ್ನ ಗಂಡ. ಅವರು ತೀರಿಹೋಗಿ ನಾಲ್ಕು ವರ್ಷ ಆಯಿತು. ಅವಳಿಗೆ ಹುಚ್ಚು ಎಂದು ಸುಮ್ಮನಿರಬಹುದಿತ್ತು. ಆದರೆ ಆ ಎಲೆಯದ್ದು ಎಂದು ಮೊಮ್ಮಗಳು ಮಾಡಿದ ವೀಡಿಯೊವನ್ನು ನಾಲ್ಕೈದು ಸಲ ನೋಡಿದ ಮೇಲೆ ನನಗೇ ತಲೆ ಸರಿ ನಿಲ್ಲಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಮನೆಯಲ್ಲಿ ಮಾತಾಡುವುದು ತುಳು, ಬರೆಯಲು ಕೂತರೆ ಮಾತ್ರ ಶಾಲೆಯ ಕನ್ನಡ ಬರುತ್ತದೆ. ಮೊಮ್ಮಗಳು ಕಾಗುಣಿತ ತಿದ್ದಿದ್ದಾಳೆ. ಮಾತು ತಿದ್ದಲು ನಾನು ಬಿಡಲಿಲ್ಲ.

ಮೊದಲು ನಾದಿನಿಯ ವಿಷಯ ಹೇಳಬೇಕು. ನಾನು ಮದುವೆಯಾಗಿ ಸಿದ್ಧಕಟ್ಟೆಯ ಈ ಮನೆಗೆ ಬಂದಾಗ ಅವಳಿಗೆ ಒಂಬತ್ತು ವರ್ಷ. ತಲೆ ತುಂಬ ಹೇನು. ಹೆಕ್ಕಿದ್ದು ನಾನು. ಅವಳ ಮದುವೆ ಆಗುವವರೆಗೆ ನಾವಿಬ್ಬರೂ ಒಂದೇ ಅಡುಗೆಮನೆಯಲ್ಲಿ ಜಗಳ ಮಾಡಿಕೊಂಡು ಇದ್ದೆವು. ಮದುವೆ ಆದ ಮೇಲೆ ಅವಳು ತಿಂಗಳಿಗೊಮ್ಮೆ ಬಂದು ಜಗಳ ಮಾಡಿ, ಊಟ ಮಾಡಿ ಹೋಗುತ್ತಿದ್ದಳು. ಅವಳು ಬಾರದ ತಿಂಗಳು ನನಗೆ ಎಂತದೋ ಬಾಕಿ ಇದ್ದ ಹಾಗೆ ಆಗುತ್ತಿತ್ತು.

ಮೂರು ವರ್ಷದ ಹಿಂದೆ ಅದು ನಿಂತಿತು.

ನಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಬಡಿಸುವ ಕ್ರಮ ಉಂಟು. ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ದೀಪ ಇಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲಬೇಕು. ಆ ಹೊತ್ತಿಗೆ ಅವರು ಬಂದು ಉಣ್ಣುತ್ತಾರೆ ಎಂದು ಲೆಕ್ಕ. ಬದುಕಿದ್ದವರಿಗೆ ಎಲೆಯ ತುದಿ ಎಡಕ್ಕೆ ಬರಬೇಕು. ಸತ್ತವರಿಗೆ ನಮ್ಮ ಮನೆಯಲ್ಲಿ ಬಲಕ್ಕೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತೆರೆದರೆ ಎಲೆ ಇಟ್ಟ ಹಾಗೇ ಇರುತ್ತದೆ. ಯಾವಾಗಲೂ ಹಾಗೇ ಇರುತ್ತದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ನಮ್ಮವರು ಹೋದ ಮರುವರ್ಷ ಅವರ ಎಲೆಗೆ ಬಡಿಸಿದ್ದು ನಾನು. ಕೋಳಿ, ರೊಟ್ಟಿ, ಕುಚ್ಚಲಕ್ಕಿ ಅನ್ನ, ಬಸಳೆ ಎಲ್ಲ ಹಾಕಿದೆ. ನಾದಿನಿ ಬಗ್ಗಿ ನೋಡಿದಳು.

"ಅತ್ತಿಗೆ, ಒಣ ಸಿಗಡಿ ಚಟ್ನಿ ಎಲ್ಲಿ?"

"ಮಾಡಲಿಲ್ಲ."

"ಅಣ್ಣನಿಗೆ ಚಟ್ನಿ ಇಲ್ಲದೆ ಅನ್ನ ಇಳೀತದಾ?"

"ಡಾಕ್ಟರು ಉಪ್ಪು ಬೇಡ ಅಂದಿದ್ದರಲ್ಲ."

ಬಾಯಿಗೆ ಬಂದದ್ದು ಬಂದುಹೋಯಿತು. ಆರು ವರ್ಷ ಅವರಿಗೆ ಚಟ್ನಿ ಕೊಡದೆ ನಿಭಾಯಿಸಿದವಳು ನಾನು, ಕೈಗೆ ಅದೇ ಅಭ್ಯಾಸ. ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಸತ್ತ ಮೇಲೂ ಪಥ್ಯವಾ ಅತ್ತಿಗೆ?"

ಹೊರಗೆ ನಿಂತಿದ್ದ ಯಾರೋ ನಕ್ಕರು. ಅವಳು ನಗಲಿಲ್ಲ. ಬಾಗಿಲು ತೆರೆದಾಗ ಎಲೆ ನೋಡಿ, "ಅಣ್ಣ ಮುಟ್ಟಲಿಲ್ಲ, ಹಸಿದು ಹೋದರು" ಎಂದಳು. ಅವತ್ತು ಊಟ ಮಾಡದೆ ಬಸ್ಸು ಹತ್ತಿದಳು. ಅಲ್ಲಿಂದ ಮೇಲೆ ಈ ಮನೆಯಲ್ಲಿ ಒಂದು ಲೋಟ ನೀರು ಕುಡಿದವಳಲ್ಲ. ಮದುವೆ, ಪೂಜೆ ಅಂತ ಬಂದರೆ ಜಗಲಿಯಲ್ಲಿ ಕೂತು ಎದ್ದು ಹೋಗುತ್ತಾಳೆ. ನಾನೂ ಕರೆಯಲಿಲ್ಲ. ಎರಡು ಸಲ ಕರೆಯಬೇಕು ಎಂದು ಮನಸ್ಸಾಗಿತ್ತು, ಬಾಯಿ ಬರಲಿಲ್ಲ.

ಇನ್ನು ಸಿನಿಮಾದ ವಿಷಯ.

ಮಗನ ಮಗಳು ಮೂಡಬಿದ್ರೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಮನೆಯ ನಿತ್ಯದ ಊಟ, ತಿಂಡಿಯ ಮೇಲೆ ಒಂದು ನಿಮಿಷದ ಸಿನಿಮಾ ಮಾಡಿ ತರಬೇಕೆಂದು ಅಲ್ಲಿ ಹೇಳಿದರಂತೆ. ವೀಡಿಯೊ ತೆಗೆಯಬಾರದಂತೆ. ಫೋಟೋ ಮಾತ್ರ ತೆಗೆದು, ಅವುಗಳನ್ನು ಒಂದರ ಹಿಂದೆ ಒಂದು ಓಡಿಸಬೇಕಂತೆ.

"ವೀಡಿಯೊ ತೆಗೆದರೆ ಎಂತ ಆಗ್ತದೆ?" ಎಂದು ಕೇಳಿದೆ.

"ಆಗ ಪುಂಡಿ ತನ್ನಷ್ಟಕ್ಕೆ ನಡೆಯುವುದಿಲ್ಲ ಅಜ್ಜಿ."

"ಪುಂಡಿ ಯಾಕೆ ನಡೀಬೇಕು?"

"ನೀವು ಮಾಡಿ ಕೊಡಿ. ಮತ್ತೆ ನೋಡಿ."

ಪುಂಡಿ ಎಂದರೆ ಅಕ್ಕಿತರಿಯನ್ನು ಉಂಡೆ ಕಟ್ಟಿ ಹಬೆಯಲ್ಲಿ ಬೇಯಿಸಿದ್ದು. ಒಂದು ಶನಿವಾರ ಬೆಳಿಗ್ಗೆ ಮಾಡಿಕೊಟ್ಟೆ. ಅವಳು ಅವನ್ನು ನೆಲದ ಮೇಲೆ ಸಾಲಾಗಿ ಇಟ್ಟು, ಪ್ರತಿಯೊಂದನ್ನೂ ಉಗುರಿನಷ್ಟು ದೂಡುವುದು, ಕೈ ತೆಗೆಯುವುದು, ಒಂದು ಫೋಟೋ. ಪುನಃ ದೂಡುವುದು, ಒಂದು ಫೋಟೋ. ಬೇರೆ ಕೆಲಸ ಇಲ್ಲದವರು ಮಾಡುವ ಕೆಲಸ ಎಂದು ನಾನು ಒಳಗೆ ಹೋದೆ. ಅವಳು ಮುಖ ತೊಳೆಯಲು ಹೋದಾಗ ಬಂದು ನೋಡಿದರೆ ಸಾಲು ಸೊಟ್ಟ. ಸೊಟ್ಟ ಇದ್ದದ್ದನ್ನು ಕಂಡು ಸುಮ್ಮನಿರುವ ಕೈ ಅಲ್ಲ ನನ್ನದು. ಸರಿ ಮಾಡಿ, ಸುತ್ತಲೂ ಒಂದು ಸಲ ಗುಡಿಸಿಯೂ ಬಿಟ್ಟೆ.

"ಅಜ್ಜೀ! ಮುಟ್ಟಿದಿರಾ?"

"ಸೊಟ್ಟ ಇತ್ತು."

"ಸೊಟ್ಟ ಅಲ್ಲ ಅದು, ತಿರುಗುತ್ತಾ ಇತ್ತು!"

ಅವಳ ಕಣ್ಣಲ್ಲಿ ನೀರು. ಪುಂಡಿ ತಿರುಗುತ್ತಾ ಇತ್ತಂತೆ. ನನಗೆ ಕಂಡದ್ದು ನೆಲದ ಮೇಲೆ ಕಲ್ಲಿನ ಹಾಗೆ ಕೂತ ಪುಂಡಿ. ಎಲ್ಲ ಮೊದಲಿಂದ ಮಾಡಿದಳು. ಸಂಜೆಗೆ ಫೋನಿನಲ್ಲಿ ತೋರಿಸಿದಳು. ಪುಂಡಿಗಳು ಪಾತ್ರೆಯಿಂದ ಇಳಿದು, ಶಾಲೆ ಬಿಟ್ಟ ಮಕ್ಕಳ ಹಾಗೆ ಸಾಲಾಗಿ ಬಾಗಿಲಿನ ತನಕ ಹೋದವು.

"ನಿನ್ನ ಬೆರಳು ಎಲ್ಲಿ?" ಎಂದೆ.

"ಬೆರಳು ತೆಗೆದ ಮೇಲೆ ಫೋಟೋ ತೆಗೆದದ್ದಲ್ಲವಾ?"

"ಹಾಗಾದರೆ ಇದು ಸುಳ್ಳು."

"ಒಂದು ಫೋಟೋವೂ ಸುಳ್ಳಲ್ಲ ಅಜ್ಜಿ. ಪುಂಡಿ ಅಲ್ಲಲ್ಲೇ ಇತ್ತು. ನೀವೇ ನೋಡಿದ್ದೀರಿ."

ಹೌದು, ನೋಡಿದ್ದೆ. ಆದರೆ ನಡೆದದ್ದು ಎಲ್ಲಿ, ಯಾವಾಗ? ನಾನು ಅಲ್ಲೇ ಓಡಾಡಿಕೊಂಡು ಇದ್ದೆನಲ್ಲ. ಕೇಳಿದರೆ ಅವಳು ನಗುತ್ತಾಳೆ. ಆ ಪುಂಡಿಗಳನ್ನು ಎರಡು ದಿನ ಸಾರಿಗೆ ಹಾಕಿ ತಿಂದೆವು. ನಡೆದು ದಣಿದು ಗಟ್ಟಿಯಾಗಿದ್ದವು ಎಂದು ಮಗ ಹೇಳಿದ.

ಮರುದಿನ ಆದಿತ್ಯವಾರ ಊಟದ ಎಲೆ. ಪುಂಡಿ ನಡೆದ ಹಾಗೆ ಊಟ ತನ್ನಷ್ಟಕ್ಕೆ ಖಾಲಿಯಾಗಬೇಕು, ಅದು ಸಿನಿಮಾದ ಕೊನೆಯಂತೆ. ಪ್ಲಾಸ್ಟಿಕ್ ಸ್ಟೂಲಿನ ನಡುವೆ ಒಂದು ತೂತು ಇರುತ್ತದಲ್ಲ, ಆ ತೂತಿಗೆ ಕ್ಯಾಮೆರಾ ಬರುವ ಹಾಗೆ ಫೋನನ್ನು ಮಲಗಿಸಿ ಇಟ್ಟು, ಸ್ಟೂಲಿನ ಕಾಲುಗಳನ್ನು ಇಟ್ಟಿಗೆಯ ಮೇಲೆ ನಿಲ್ಲಿಸಿದಳು. ಕೆಳಗೆ ಸಣ್ಣ ಬಾಳೆ ಎಲೆ. ನಾನು ಈಚೆ ಕೂತೆ. ಅವಳು ಆಚೆ, ಗೋಡೆಯ ಬದಿಗೆ ಕೂತು ಫೋನು ಒತ್ತಿದಳು. ಎಲೆ ಹಾಕಿದ್ದು ನಾನೇ, ತುದಿ ನನ್ನ ಎಡಕ್ಕೆ. ಅದರಲ್ಲಿ ತಪ್ಪಿಲ್ಲ.

ಅನ್ನ, ಹುರುಳಿ ಸಾರು, ಬಸಳೆ ಗಸಿ, ಉಪ್ಪಿನಕಾಯಿ, ಹಪ್ಪಳ ಬಡಿಸಿದೆ. ಅವಳು ಫೋನಿನಲ್ಲಿ ನೋಡಿ, "ಈ ಮೂಲೆ ಬೋಳು ಬೋಳು ಕಾಣ್ತದೆ. ಕೆಂಪು ಎಂತಾದರೂ ಉಂಟಾ?" ಎಂದಳು. ಭರಣಿಯಲ್ಲಿ ಒಣ ಸಿಗಡಿ ಚಟ್ನಿ ಇತ್ತು. ಹಾಕಿದೆ. ಕೆಂಪು ಬೇಕು ಎಂದದ್ದಕ್ಕೆ ಹಾಕಿದ್ದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಇದನ್ನು ಆಣೆ ಹಾಕಿ ಬೇಕಾದರೂ ಹೇಳುತ್ತೇನೆ.

ಮತ್ತೆ ತಿನ್ನುವುದು. ಸ್ಟೂಲಿನ ಕಾಲುಗಳ ನಡುವೆ ಕೈ ಹಾಕಿ ಒಂದು ಚಿಟಿಕೆ ತೆಗೆಯಬೇಕು, ಕೈ ಹಿಂದೆ ಎಳೆಯಬೇಕು, ಅವಳು ಫೋಟೋ ತೆಗೆಯಬೇಕು, ಆಗ ನಾನು ಇನ್ನೊಂದು ಚಿಟಿಕೆ. ಬೆಳಿಗ್ಗೆ ಹತ್ತಕ್ಕೆ ಕೂತದ್ದು, ಎದ್ದಾಗ ಗಂಟೆ ಎರಡೂವರೆ. ನನ್ನ ಆಯುಷ್ಯದಲ್ಲಿ ಇಷ್ಟು ಹೊತ್ತು ಯಾವ ಮದುವೆಯಲ್ಲೂ ಉಂಡಿಲ್ಲ. ಅನ್ನ ತಣ್ಣಗೆ, ಸಾರು ಕೆನೆಗಟ್ಟಿತು. ಅಗುಳು ಬಿದ್ದರೆ ಹೆಕ್ಕಬಾರದು, ಬೆರಳು ನೆಕ್ಕಬಾರದು, ಬಳೆಯ ನೆರಳು ಬೀಳಬಾರದು. ಬಳೆ ತೆಗೆದಿಟ್ಟೆ. ಒಂದು ಸಲ ನೊಣ ಬಂತು. ನಾನು ಓಡಿಸಿದ್ದಕ್ಕೆ, "ಅಜ್ಜಿ, ನಿಮ್ಮ ಕೈ ಬಂತು!" ಎಂದು ಬೈದಳು.

ನಾನು ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಹಪ್ಪಳ ಇರಲಿಲ್ಲ. ನನಗೆ ಹಪ್ಪಳ ಜಗಿಯುವ ಹಲ್ಲಿಲ್ಲ. "ನಾನೇ ತಿಂದೆ, ಹಸಿವಾಯ್ತು. ಫೋಟೋ ತೆಗೆದಿದ್ದೇನೆ" ಎಂದಳು. ಹಪ್ಪಳದ ಸಂಗತಿ ಅಷ್ಟೇ.

ಮೂರು ದಿನ ಬಿಟ್ಟು ಅವಳು ಸಿನಿಮಾದ ಕೊನೆಯ ತುಂಡನ್ನು ಮಾತ್ರ, ಎಲೆಯದ್ದನ್ನು, ಮನೆಯವರ ವಾಟ್ಸಪ್ ಗುಂಪಿಗೆ ಹಾಕಿದಳು. ಪುಂಡಿ ನಡೆದದ್ದು ಅದರಲ್ಲಿ ಇಲ್ಲ. ಹಾಕುವಾಗ ಅದರ ಮೇಲೆ ಒಂದೇ ಒಂದು ಶಬ್ದ ಬರೆದಳು: "ಬಡಿಸಿದ್ದು".

ಸಂಜೆ ನಾಲ್ಕಕ್ಕೆ ನಾದಿನಿಯ ಫೋನು. ಮೂರು ವರ್ಷದಲ್ಲಿ ಅವಳಾಗಿ ಫೋನು ಮಾಡಿದವಳಲ್ಲ.

"ಅತ್ತಿಗೆ, ಅಣ್ಣ ಬಂದರಲ್ಲ."

"ಎಲ್ಲಿಗೆ ಬಂದರು?"

"ಎಲ್ಲಿಗೆ ಅಂತ ಕೇಳ್ತೀರಲ್ಲ! ಉಂಡು ಹೋದರಲ್ಲ. ನಾನು ನೋಡಿದೆ."

"ಅದು ಮಗುವಿನ ಕಾಲೇಜಿನ ಸಿನಿಮಾ ಮಾರಾಯ್ತಿ."

"ಸಿನಿಮಾ ಅಂತ ನನಗೂ ಗೊತ್ತುಂಟು. ನಾನು ದಡ್ಡಿ ಅಲ್ಲ. ಎಲೆಯ ತುದಿ ಬಲಕ್ಕೆ ಹಾಕಿದ್ದು ಯಾರು?"

"ಬಲಕ್ಕೆ ಹಾಕಲಿಲ್ಲ."

"ನನ್ನ ಕಣ್ಣು ಇನ್ನೂ ಕಾಣ್ತದೆ. ತುದಿ ಬಲಕ್ಕೆ ಉಂಟು, ಒಣ ಸಿಗಡಿ ಚಟ್ನಿ ಹಾಕಿದ್ದೀರಿ, ಬಡಿಸಿದ್ದು ಅಂತ ಬರೆದದ್ದೂ ಉಂಟು. ಚಟ್ನಿಯೇ ಮೊದಲು ಹೋಯಿತು. ಅಣ್ಣನಲ್ಲದೆ ಮತ್ತಾರು ಮೊದಲು ಚಟ್ನಿ ತಿನ್ನುವವರು?"

ಅವಳು ಮೂಗು ಎಳೆದುಕೊಂಡಳು.

"ಬರುವ ಆದಿತ್ಯವಾರ ಬರ್ತೇನೆ. ಊಟಕ್ಕೇ ಬರ್ತೇನೆ ಅತ್ತಿಗೆ. ಜಗಲಿಗೆ ಅಲ್ಲ."

ಫೋನು ಇಟ್ಟಳು. ನಾನು ಮೊಮ್ಮಗಳನ್ನು ಕರೆದು ವೀಡಿಯೊ ಹಾಕಿಸಿದೆ. ತುದಿ ಬಲಕ್ಕೇ ಇತ್ತು. ನಾನು ಎಡಕ್ಕೆ ಹಾಕಿದ ಎಲೆ ಅದು ಹೇಗೆ ಬಲಕ್ಕೆ ಹೋಯಿತು? ಮೊಮ್ಮಗಳು ಫೋನನ್ನು ನೋಡಿ, ತಿರುಗಿಸಿ, ಪುನಃ ನೋಡಿದಳು.

"ಅಯ್ಯೋ. ನಾನು ಗೋಡೆ ಬದಿಗೆ ಕೂತಿದ್ದೆನಲ್ಲ. ನನ್ನ ಕಡೆಯಿಂದ ತೆಗೆದದ್ದು. ಅಲ್ಲಿಂದ ನೋಡಿದರೆ ಬಲಕ್ಕೇ ಬರ್ತದೆ."

ಅದು ಅರ್ಥ ಆಯಿತು. ಎದುರು ಕೂತವರಿಗೆ ಎಡ ಬಲ ಆಗುತ್ತದೆ. ಆದರೆ ಚಟ್ನಿ? ನಾನು ಚಟ್ನಿಯನ್ನು ಕೊನೆಗೆ ತಿನ್ನುವವಳು. ಹುಟ್ಟಿದಾಗಿನಿಂದ ಹಾಗೆ. ನಮ್ಮವರು ಕೂತ ಕೂಡಲೇ ಬೆರಳಿನಿಂದ ಚಟ್ನಿ ಒತ್ತಿ ಬಾಯಿಗೆ ಹಾಕಿ, ಮತ್ತೆಯೇ ಅನ್ನ ಮುಟ್ಟುವವರು. ವೀಡಿಯೊದಲ್ಲಿ ಚಟ್ನಿ ಮೂಲೆಯಿಂದ ಒಂದೊಂದೇ ಚೂರು ಸವೆದು, ಮುಗಿದು, ಆಮೇಲೆ ಅನ್ನದ ರಾಶಿಗೆ ಗುಂಡಿ ಬಿತ್ತು. ಕೈ ಇಲ್ಲ. ಬಾಯಿ ಇಲ್ಲ.

"ಮೊದಲು ಚಟ್ನಿ ತಿನ್ನಿ ಅಂತ ನೀನು ಹೇಳಿದ್ದಾ?"

"ಇಲ್ಲಪ್ಪ. ನಿಮಗೆ ಬೇಕಾದ ಹಾಗೆ ತಿನ್ನಿ ಅಂದೆ."

"ನಾನು ಯಾಕೆ ಚಟ್ನಿ ಮೊದಲು ತಿಂದೆ?"

"ನನಗೆ ಹೇಗೆ ಗೊತ್ತಾಗಬೇಕು ಅಜ್ಜಿ?"

ನಾಲ್ಕು ದಿನ ಅದೇ ಯೋಚನೆ. ಸ್ಟೂಲಿನ ಅಡಿಯಲ್ಲಿ ಕೈಗೆ ಹತ್ತಿರ ಇದ್ದದ್ದು ಚಟ್ನಿ ಇರಬಹುದು. ಹತ್ತಿರ ಇತ್ತಾ? ಎಲೆಯ ತುದಿಯ ಕಡೆ, ನನ್ನ ಎಡಕ್ಕೆ ಇತ್ತು, ಬಲಗೈಗೆ ಅದು ಹತ್ತಿರ ಅಲ್ಲ. ಒಂದೊಂದು ಚಿಟಿಕೆ ತೆಗೆದದ್ದು ನೆನಪುಂಟು, ಮೊದಲನೆಯ ಚಿಟಿಕೆ ಯಾವುದು ಎಂದು ನೆನಪಿಲ್ಲ. ಎರಡು ಫೋಟೋಗಳ ನಡುವೆ ಆದದ್ದು ಎಲ್ಲಿಯೂ ಇಲ್ಲ, ನನ್ನ ತಲೆಯಲ್ಲಿಯೂ ಇಲ್ಲ. ಬಾಗಿಲು ಎಳೆದುಕೊಂಡು ಹೊರಗೆ ನಿಂತವರ ಹಾಗೆ ಆಯಿತು ನನ್ನ ಕತೆ. ನಾನು ದೆವ್ವ ನಂಬುವವಳಲ್ಲ, ನಂಬದವಳೂ ಅಲ್ಲ. ಅದರ ಬಗ್ಗೆ ಕೂತು ಯೋಚನೆ ಮಾಡಲು ನನಗೆ ಯಾವತ್ತೂ ಪುರುಸೊತ್ತು ಇರಲಿಲ್ಲ.

ಮೊಮ್ಮಗಳು ಅಷ್ಟರಲ್ಲಿ ಸಿನಿಮಾ ಕೊಟ್ಟು ಬಂದಳು. ಮೇಷ್ಟ್ರು ಘಟ್ಟದ ಮೇಲಿನವರು, ಎಲೆಯ ತುದಿ ಅವರಿಗೆ ಕಾಣಲಿಲ್ಲ. ಪುಂಡಿ ಚೆನ್ನಾಗಿ ನಡೀತದೆ ಎಂದರಂತೆ.

"ಬೆಳ್ತಂಗಡಿ ಅಜ್ಜಿಗೆ ನಾನು ಹೇಳ್ತೇನೆ" ಎಂದಳು. "ನಿಮ್ಮ ಕೈ ಬಂದ ಫೋಟೋಗಳು ಬೇರೆ ಉಂಟು. ಅದನ್ನು ಕಳಿಸಿದರೆ ಸಾಕು."

"ಕಳಿಸಬೇಡ."

"ಸುಳ್ಳು ಅಂತ ನೀವೇ ಹೇಳಿದ್ದಲ್ಲವಾ?"

"ಕಳಿಸಬೇಡ ಅಂದೆನಲ್ಲ. ಅವಳು ಊಟಕ್ಕೆ ಬರ್ಲಿ."

ಕಳಿಸಿದರೆ ಅವಳು ಬರುವುದಿಲ್ಲ. ಅವಳು ಬಂದರೆ ಸುಳ್ಳಿನ ಮೇಲೆ ಅನ್ನ ಬಡಿಸಿದ ಹಾಗೆ. ಎರಡರಲ್ಲಿ ಯಾವುದು ಸರಿ ಎಂದು ಕೇಳಲು ಮನೆಯಲ್ಲಿ ನನಗಿಂತ ಹಿರಿಯರು ಯಾರೂ ಇಲ್ಲ.

ಆದಿತ್ಯವಾರ ಹನ್ನೆರಡಕ್ಕೆ ಬಂದಳು. ಕೈಯಲ್ಲಿ ಒಂದು ಕಟ್ಟು ಬಸಳೆ. ಜಗಲಿ ದಾಟಿ, ಅಡುಗೆಮನೆಗೆ ಬಂದು, ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ, "ಹುಳಿ ಕಡಿಮೆ" ಎಂದಳು. ಮೂರು ವರ್ಷದ ಮೇಲೆ ನನ್ನ ಅಡುಗೆಮನೆಯಲ್ಲಿ ಅದು ಅವಳ ಮೊದಲ ಮಾತು. ನನಗೆ ಸಿಟ್ಟೂ ಬಂತು, ಸಮಾಧಾನವೂ ಆಯಿತು. ಹುಣಸೆ ಹಾಕಿದೆ.

ಎಲೆ ಹಾಕಿದೆ, ತುದಿ ಎಡಕ್ಕೆ. ಚಟ್ನಿಯೂ ಬಡಿಸಿದೆ. ಅವಳು ಕೂತು ಕೈ ತೊಳೆದು ಅನ್ನಕ್ಕೆ ಕೈ ಹಾಕಿದಳು. ಆಗ ನನ್ನ ಬಾಯಿ ತಡೆಯಲಿಲ್ಲ.

"ನೋಡು, ಆ ಎಲೆಯದ್ದು ತಿಂದದ್ದು ನಾನು. ಫೋಟೋ ತೆಗೆಯುವಾಗ ಕೈ ಹಿಂದೆ ಎಳೆದದ್ದು. ಮಗು ಆಚೆ ಬದಿಗೆ ಕೂತದ್ದರಿಂದ ತುದಿ ಬಲಕ್ಕೆ ಬಂತು. ಹಪ್ಪಳ ಅವಳು ತಿಂದಳು. ನಿನ್ನ ಅಣ್ಣ ಬರಲಿಲ್ಲ."

ಅವಳ ಕೈ ಅನ್ನದಲ್ಲೇ ನಿಂತಿತು. ಮೊಮ್ಮಗಳು ಬಾಗಿಲಲ್ಲಿ ನಿಂತವಳು ನನ್ನನ್ನು ನುಂಗುವ ಹಾಗೆ ನೋಡಿದಳು.

"ಚಟ್ನಿಯೂ ನೀವೇ ತಿಂದದ್ದಾ?"

"ನಾನೇ."

"ಮೊದಲು?"

"ಮೊದಲು."

"ನೀವು ಕೊನೆಗೆ ತಿನ್ನುವವರಲ್ಲವಾ?"

"ಹೌದು."

"ಮತ್ತೆ ಯಾಕೆ ಮೊದಲು ತಿಂದಿರಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದರೆ?"

"ಗೊತ್ತಿಲ್ಲ ಅಂದರೆ ಗೊತ್ತಿಲ್ಲ. ನಾಲ್ಕು ದಿನದಿಂದ ನನ್ನನ್ನೇ ಕೇಳ್ತಾ ಇದ್ದೇನೆ. ನೀನು ಬೇರೆ ಕೇಳಬೇಡ."

ಅವಳು ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ಅನ್ನ ಕಲಸಿದಳು. ತಲೆ ಬಗ್ಗಿಸಿ ಅರ್ಧ ಎಲೆ ಉಂಡಳು. ಇನ್ನೊಮ್ಮೆ ಬಡಿಸಲು ಹೋದರೆ ಕೈ ಅಡ್ಡ ಹಿಡಿದಳು. ಚಟ್ನಿಯನ್ನು ಮುಟ್ಟಲಿಲ್ಲ. ಕೊನೆಗೆ ಎಲೆಯ ಆ ತುಂಡನ್ನು ಹರಿದು, ಚಟ್ನಿಯನ್ನು ಅದರಲ್ಲೇ ಮಡಚಿ ಚೀಲಕ್ಕೆ ಹಾಕಿಕೊಂಡಳು. ಯಾರಿಗೆ ಎಂದು ನಾನು ಕೇಳಲಿಲ್ಲ.

ಹೊರಡುವಾಗ ಮೆಟ್ಟಿಲಿಳಿದು, "ಹೋಗ್ತೇನೆ ಅತ್ತಿಗೆ" ಎಂದಳು.

ನಮ್ಮಲ್ಲಿ ಯಾರೂ ಹೋಗ್ತೇನೆ ಎನ್ನುವುದಿಲ್ಲ. ಬರ್ತೇನೆ ಎನ್ನುತ್ತಾರೆ. ಆಸ್ಪತ್ರೆಯಿಂದ ಹೊರಡುವಾಗ, ಸಾವಿನ ಮನೆಯಿಂದ ಹೊರಡುವಾಗ ಮಾತ್ರ ಬರ್ತೇನೆ ಎನ್ನುವುದಿಲ್ಲ. ಮೂರು ವರ್ಷ ಜಗಲಿಯಲ್ಲಿ ಕೂತು ಹೋದಾಗಲೂ ಅವಳು ಬರ್ತೇನೆ ಎಂದವಳು. ಅವತ್ತು ಒಳಗೆ ಬಂದು ಉಂಡವಳು ಹೋಗ್ತೇನೆ ಎಂದಳು.

"ಎಂತ ಅರ್ಥ ಅಜ್ಜಿ ಅದು?" ಎಂದು ಮೊಮ್ಮಗಳು ಕೇಳಿದಳು. "ಅವರು ಸಿಟ್ಟಲ್ಲಿ ಹೋದದ್ದಾ, ಸರಿಯಾಗಿ ಹೋದದ್ದಾ?"

ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ.

ಮರುದಿನ ಬೆಳಿಗ್ಗೆ ಎದ್ದು ಒಣ ಸಿಗಡಿ ಹುರಿದೆ, ತೆಂಗಿನಕಾಯಿ ತುರಿದೆ, ಉಪ್ಪು ಸರಿಯಾಗಿಯೇ ಹಾಕಿ ಚಟ್ನಿ ಅರೆದೆ. ಬಾಟ್ಲಿಗೆ ತುಂಬಿಸಿ ಬಿ.ಸಿ.ರೋಡಿಗೆ ಹೋದೆ, ಅಲ್ಲಿಂದ ಬೆಳ್ತಂಗಡಿಯ ಬಸ್ಸು ಹತ್ತಿದೆ. ನಾದಿನಿಯ ಮನೆ ಮುಟ್ಟುವಾಗ ಹತ್ತು ಗಂಟೆ, ಗಂಜಿಯ ಹೊತ್ತು. ಅವಳು ಬಾಗಿಲಲ್ಲಿ ನಿಂತು ನನ್ನನ್ನೂ ಬಾಟ್ಲಿಯನ್ನೂ ನೋಡಿದಳು.

"ಎಂತ ಅತ್ತಿಗೆ, ಇಷ್ಟು ಬೇಗ?"

"ಹಸಿವಾಗ್ತದೆ. ಬಡಿಸು."

ಅವಳು ಎರಡು ಬಟ್ಟಲಿಗೆ ಗಂಜಿ ಹಾಕಿದಳು, ನನಗೊಂದು, ಅವಳಿಗೊಂದು. ನಾನು ಬಾಟ್ಲಿ ತೆರೆದು ಎರಡು ಕಡೆಗೂ ಚಟ್ನಿ ಹಾಕಿದೆ. ಅವಳು ತಿನ್ನಲು ಶುರು ಮಾಡಲಿಲ್ಲ, ನನ್ನ ಕೈಯನ್ನೇ ನೋಡುತ್ತಾ ಕೂತಳು. ನಾನು ಗಂಜಿಯನ್ನೇ ಮೊದಲು ತಿಂದೆ.